ಟಿಕೆಟ್ ಸಿಗಲ್ಲ ಅಂತ ಗೊತ್ತಿದ್ದೂ ಶರ್ಲಿ ಚಿಸಮ್ ಯಾಕೆ ನಿಂತ್ರು?

ಪ್ರಶ್ನೆ: ಮೇಡಂ, ನನ್ನ ಮಗಳು ಬಿಎ ಎರಡನೇ ವರ್ಷ, ರಾಜ್ಯಶಾಸ್ತ್ರ ತಗೊಂಡಿದ್ದಾಳೆ. ಸೆಮಿನಾರಿಗೆ 1972ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಾರ್ಟಿಯಿಂದ ಟಿಕೆಟ್ ಕೇಳಿದ ಶರ್ಲಿ ಚಿಸಮ್ ಬಗ್ಗೆ ಮಾತಾಡ್ಬೇಕಂತೆ. ಟಿಕೆಟ್ ಸಿಗತ್ತೆ ಅಂತ ಅವರಿಗೆ ನಿಜವಾಗ್ಲೂ ನಂಬಿಕೆ ಇತ್ತಾ? ಇಲ್ಲ ಅಂದ್ರೆ ಜನರ ದುಡ್ಡು, ಹುಡುಗರ ಟೈಮ್ ಯಾಕೆ ತಗೊಂಡ್ರು? ನಮ್ಮಲ್ಲಿ ಹೆಸರಿಗೆ ನಾಮಪತ್ರ ಹಾಕ್ತಾರಲ್ಲ ಹಾಗೇನಾ? 'ಸಾಂಕೇತಿಕ ಸ್ಪರ್ಧೆ' ಅಂತ ಬರೆದ್ರೆ ಸಾಕಾ?

ಉತ್ತರ: ಕಡ್ಡಿ ಮುರಿದ ಹಾಗೆ ಹೇಳಿಬಿಡ್ತೀನಿ, ಇಲ್ಲ, ಟಿಕೆಟ್ ತನಗೇ ಸಿಗತ್ತೆ ಅಂತ ಶರ್ಲಿ ಚಿಸಮ್ ಅಂದ್ಕೊಂಡಿರಲಿಲ್ಲ. ಇದು ನನ್ನ ಊಹೆ ಅಲ್ಲ, ಎಲೆಕ್ಷನ್ ಆದ ಮರುವರ್ಷ 1973ರಲ್ಲಿ ಅವರೇ ಪುಸ್ತಕ ಬರೆದು, ಗೆಲ್ಲೋ ದಾರಿನೇ ಕಾಣದಿದ್ರೂ ನಿಂತೆ, ಇರೋದನ್ನ ಇದ್ದ ಹಾಗೇ ಒಪ್ಕೊಳಲ್ಲ ಅಂತ ತೋರಿಸೋಕೆ ನಿಂತೆ, ಯಾರಾದ್ರೂ ಒಬ್ರು ಮೊದಲು ಮಾಡಲೇಬೇಕಿತ್ತಲ್ಲ, ಅದಕ್ಕೆ ನಿಂತೆ ಅನ್ನೋ ಅರ್ಥದಲ್ಲಿ ಹೇಳ್ಕೊಂಡಿದ್ದಾರೆ. ಆದ್ರೆ ಇಷ್ಟು ಓದಿ 'ಸಾಂಕೇತಿಕ' ಅಂತ ಬರೆದ್ರೆ ನಿಮ್ಮ ಮಗಳು ಅರ್ಧ ಮಾತ್ರ ಹೇಳಿದ ಹಾಗಾಗತ್ತೆ. ಅವರಿಗೆ ಒಂದು ನಿರೀಕ್ಷೆ ಖಂಡಿತ ಇತ್ತು. ಟಿಕೆಟ್ ಯಾರಿಗೆ ಅಂತ ತೀರ್ಮಾನ ಆಗೋ ಹೊತ್ತಲ್ಲಿ, ನನ್ನ ಹತ್ರ ಇಷ್ಟು ಓಟಿದೆ, ಬೇಕಾದ್ರೆ ನನ್ನ ಮಾತು ಕೇಳಿ ಅನ್ನೋ ಸ್ಥಾನದಲ್ಲಿ ತಾನು ಕೂತಿರಬೇಕು ಅನ್ನೋದು ಆ ನಿರೀಕ್ಷೆ. ಆ ಲೆಕ್ಕ 1972ರ ಜುಲೈ 10ರ ರಾತ್ರಿವರೆಗೂ ಜೀವಂತ ಇತ್ತು. ಆ ರಾತ್ರಿ ಏನಾಯ್ತು ಅನ್ನೋದೇ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ, ಅಲ್ಲಿಗೆ ಬರ್ತೀನಿ.

ಮೊದಲು ಆಯಮ್ಮ ಯಾರು ಅಂತ. 1924ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ್ದು, ತಾಯಿ ಬಾರ್ಬಡೋಸ್ ಕಡೆಯವರು, ಚಿಕ್ಕವಯಸ್ಸಲ್ಲಿ ಕೆಲವು ವರ್ಷ ಅಲ್ಲೇ ಅಜ್ಜಿ ಮನೇಲಿ ಬೆಳೆದ್ರು. ಓದಿದ್ದು ಬ್ರೂಕ್ಲಿನ್ ಕಾಲೇಜು, ಕೆಲಸ ಮಾಡಿದ್ದು ಶಿಶುವಿಹಾರಗಳಲ್ಲಿ, ಆಮೇಲೆ ನ್ಯೂಯಾರ್ಕ್ ರಾಜ್ಯದ ಅಸೆಂಬ್ಲಿ, 1968ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆ. ಅಲ್ಲಿಗೆ ಹೋದ ಮೊಟ್ಟಮೊದಲ ಕಪ್ಪು ಹೆಣ್ಣುಮಗಳು ಇವರೇ. ನನ್ನನ್ನ ಯಾರೂ ಕೊಂಡ್ಕೊಂಡಿಲ್ಲ, ನನ್ನ ಮೇಲೆ ಯಾರೂ ಬಾಸ್ ಇಲ್ಲ ಅನ್ನೋದು ಅವರ ಘೋಷಣೆ. ಸಂಸತ್ತಿಗೆ ಕಾಲಿಟ್ಟ ತಕ್ಷಣ ಹಿರಿಯರು ಇವರನ್ನ ಕೃಷಿ ಸಮಿತಿಗೆ ಹಾಕಿದ್ರು. ಇವರ ಕ್ಷೇತ್ರ ನೋಡಿದ್ರೆ ಒತ್ತೊತ್ತಾಗಿ ಮನೆಗಳಿರೋ ಊರ ನಡುವಿನ ಜಾಗ. ಹೊಸಬರು ಬಾಯಿಮುಚ್ಚಿಕೊಂಡು ಕೊಟ್ಟಿದ್ದು ತಗೊಳೋ ಕಾಲ ಅದು, ಇವರು ಸಭೇಲೇ ಎದ್ದು ನಿಂತು ತಕರಾರು ತೆಗೆದ್ರು, ಮಾಜಿ ಸೈನಿಕರ ಸಮಿತಿಗೆ ಹಾಕಿಸ್ಕೊಂಡ್ರು, ನನ್ನ ಕ್ಷೇತ್ರದಲ್ಲಿ ಮರಗಳಿಗಿಂತ ಮಾಜಿ ಸೈನಿಕರೇ ಜಾಸ್ತಿ ಇದ್ದಾರೆ ಅಂತ ಹೇಳಿ. ಈ ಸ್ವಭಾವ ನೆನಪಲ್ಲಿ ಇಟ್ಕೊಳ್ಳಿ. ಸುಮ್ಮನೆ ಫೋಟೋಗೆ ನಿಲ್ಲೋ ಪೈಕಿ ಅಲ್ಲ.

ಇನ್ನು ಅಲ್ಲಿ ಟಿಕೆಟ್ ಸಿಗೋದು ಹೇಗೆ ಅಂತ. ನಮ್ಮಲ್ಲಿ ಹೈಕಮಾಂಡ್ ಲಿಸ್ಟ್ ಬಿಡುಗಡೆ ಮಾಡತ್ತೆ, ಬಿ ಫಾರಂ ಕೈಗೆ ಬರತ್ತೆ, ಮುಗೀತು. ಅಲ್ಲಿ ರಾಜ್ಯ ರಾಜ್ಯದಲ್ಲೂ ಪಾರ್ಟಿ ಒಳಗೇ ಒಂದು ಚುನಾವಣೆ, ಅದಕ್ಕೆ ಪ್ರೈಮರಿ ಅಂತಾರೆ, ಕೆಲವು ಕಡೆ ಸಭೆ ಸೇರಿ ಆರಿಸ್ತಾರೆ. ಅದರಲ್ಲಿ ಬಂದ ಓಟಿನ ಮೇಲೆ ಒಬ್ಬೊಬ್ಬರಿಗೂ ಇಷ್ಟಿಷ್ಟು ಡೆಲಿಗೇಟುಗಳು, ಅಂದ್ರೆ ಪ್ರತಿನಿಧಿಗಳು. ಕೊನೆಗೆ ಬೇಸಿಗೇಲಿ ಎಲ್ಲಾ ಡೆಲಿಗೇಟುಗಳು ಒಂದೂರಲ್ಲಿ ಸೇರಿ ಓಟು ಹಾಕ್ತಾರೆ, ಅರ್ಧಕ್ಕಿಂತ ಹೆಚ್ಚು ಯಾರಿಗೆ ಬಂತೋ ಅವರಿಗೆ ಟಿಕೆಟ್. 1972ರಲ್ಲಿ ಬೇಕಾಗಿದ್ದು 1,509.

ಈ ಪದ್ಧತಿ ಆಗಷ್ಟೇ ಹೊಸದಾಗಿತ್ತು, ಅದು ಮುಖ್ಯ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಗೂ ನಿಲ್ಲದೆ ಲೀಡರುಗಳ ಬಲದಿಂದಲೇ ಟಿಕೆಟ್ ತಗೊಂಡ್ರು, ದೊಡ್ಡ ಗಲಾಟೆ ಆಯ್ತು, ಆಮೇಲೆ ಪಾರ್ಟಿ ಒಂದು ಸಮಿತಿ ಮಾಡಿ ನಿಯಮ ಬದಲಾಯಿಸ್ತು. ಹೆಂಗಸರು, ಕಪ್ಪು ಜನ, ಹುಡುಗರು ಡೆಲಿಗೇಟುಗಳಾಗಿ ಬರಲೇಬೇಕು ಅಂತ. 1968ರಲ್ಲಿ ನೂರಕ್ಕೆ ಹದಿಮೂರು ಹೆಂಗಸರಿದ್ದ ಜಾಗದಲ್ಲಿ 1972ರಲ್ಲಿ ಹತ್ತಿರ ಹತ್ತಿರ ನಲವತ್ತು. ಚಿಸಮ್ ಈ ಬಾಗಿಲು ತೆಗೆದಿದ್ದನ್ನ ನೋಡಿದ್ರು. ನನ್ನ ಪ್ರಕಾರ ಅವರ ಲೆಕ್ಕಾಚಾರ ಶುರುವಾಗಿದ್ದೇ ಇಲ್ಲಿಂದ.

1972ರ ಜನವರಿ 25, ಬ್ರೂಕ್ಲಿನ್‌ನ ಒಂದು ಬ್ಯಾಪ್ಟಿಸ್ಟ್ ಚರ್ಚಲ್ಲಿ ಘೋಷಣೆ ಮಾಡಿದ್ರು. ನಾನು ಕಪ್ಪು ಹೆಂಗಸು ಅನ್ನೋದು ನನಗೆ ಹೆಮ್ಮೆ, ಆದ್ರೆ ನಾನು ಬರೀ ಕಪ್ಪು ಜನರ ಅಭ್ಯರ್ಥಿ ಅಲ್ಲ, ಬರೀ ಮಹಿಳಾ ಚಳವಳಿಯ ಅಭ್ಯರ್ಥಿನೂ ಅಲ್ಲ, ಅಮೆರಿಕದ ಜನರ ಅಭ್ಯರ್ಥಿ ಅಂದ್ರು. ಆ ಭಾಷಣದ ವಿಡಿಯೋ ಸಿಗತ್ತೆ, ನಿಮ್ಮ ಮಗಳಿಗೆ ತೋರಿಸಿ, ಎದುರಿಗೆ ಮೈಕುಗಳು, ದಪ್ಪ ಕನ್ನಡಕ, ಒಂದೊಂದು ಅಕ್ಷರನೂ ಕಡಿದು ಕಡಿದು ಹೇಳೋ ಟೀಚರ್ ಧ್ವನಿ.

ಈಗ ಆ ಲೆಕ್ಕ. ಕಣದಲ್ಲಿ ದೊಡ್ಡೋರು ತುಂಬ ಜನ ಇದ್ರು. ಎಡ್ಮಂಡ್ ಮಸ್ಕಿ ಮೊದಲಿಗೆ ಎಲ್ಲರಿಗಿಂತ ಮುಂದೆ, ಹಂಫ್ರಿ ಮತ್ತೆ ಬಂದಿದ್ರು, ವಿಯೆಟ್ನಾಂ ಯುದ್ಧ ಬೇಡ ಅನ್ನೋ ಜಾರ್ಜ್ ಮ್ಯಾಕ್‌ಗವರ್ನ್, ಕಪ್ಪು ಬಿಳಿ ಮಕ್ಕಳು ಒಟ್ಟಿಗೆ ಓದೋದೇ ಬೇಡ ಅಂತ ಹಠ ಹಿಡಿದು ಹೆಸರು ಮಾಡಿದ ಅಲಬಾಮಾದ ಜಾರ್ಜ್ ವಾಲೇಸ್. ಇಷ್ಟು ಜನ ಹಂಚ್ಕೊಂಡ್ರೆ ಯಾರಿಗೂ 1,509 ಬರದೇ ಹೋಗಬಹುದು. ಹಾಗೇನಾದ್ರೂ ಆದ್ರೆ ನೂರಿನ್ನೂರು ಡೆಲಿಗೇಟು ಕೈಲಿ ಹಿಡ್ಕೊಂಡೋರ ಮನೆ ಬಾಗಿಲಿಗೆ ದೊಡ್ಡೋರೇ ಬರ್ಬೇಕು. ಆಗ ಏನು ಕೇಳ್ಬೇಕು ಅನ್ನೋದನ್ನೂ ಚಿಸಮ್ ಮುಚ್ಚಿಟ್ಟಿರಲಿಲ್ಲ. ಉಪಾಧ್ಯಕ್ಷ ಸ್ಥಾನಕ್ಕೆ ಕಪ್ಪು ವ್ಯಕ್ತಿ, ಆರೋಗ್ಯ ಶಿಕ್ಷಣ ಖಾತೆಗೆ ಒಬ್ಬ ಹೆಂಗಸು, ಅಲ್ಲಿನ ಮೂಲನಿವಾಸಿಗಳ ಜಮೀನು ನೋಡ್ಕೊಳೋ ಒಳಾಡಳಿತ ಖಾತೆಗೆ ಮೂಲನಿವಾಸಿಯೊಬ್ಬರು. ನಮ್ಮಲ್ಲಿ ಅತಂತ್ರ ವಿಧಾನಸಭೆ ಬಂದಾಗ ನಾಲ್ಕು ಸೀಟಿನವರಿಗೆ ಎಂಥಾ ಬೆಲೆ ಬರತ್ತೆ ಅಂತ ನಾವು ಕಣ್ಣಾರೆ ನೋಡಿದ್ದೀವಿ, ಅದೇ ಲೆಕ್ಕ, ಆದ್ರೆ ಅವರು ಕೇಳ್ತಾ ಇದ್ದಿದ್ದು ತಮಗೆ ಮಂತ್ರಿಗಿರಿ ಅಲ್ಲ.

ಸರಿ, ಒಬ್ಬರಿಗೆ ಗೆಲ್ಲೋ ನಂಬಿಕೆ ಇದ್ಯೋ ಇಲ್ವೋ ಅಂತ ಕಂಡುಹಿಡಿಯೋದು ಹೇಗೆ? ಕ್ಲಾಸಲ್ಲಿ ನಾನು ಹುಡುಗರಿಗೆ ಯಾವಾಗ್ಲೂ ಹೇಳ್ತಿದ್ದೆ, ಅಭ್ಯರ್ಥಿ ಬಾಯಿ ನೋಡ್ಬೇಡಿ, ದುಡ್ಡು ಮತ್ತೆ ದಿನ ಎಲ್ಲಿ ಖರ್ಚಾಗ್ತಿದೆ ಅದನ್ನ ನೋಡಿ ಅಂತ. ಬಾಯಲ್ಲಿ ಎಲ್ಲರೂ ಗೆಲ್ತೀವಿ ಅಂತಲೇ ಹೇಳೋದು, ಸೋಲ್ತೀನಿ ಅಂತ ಹೇಳಿದ ದಿನ ವಾಲಂಟಿಯರುಗಳು ಮನೆಗೆ ಹೋಗ್ತಾರೆ. ಚಿಸಮ್ ಇಡೀ ಪ್ರಚಾರಕ್ಕೆ ಖರ್ಚು ಮಾಡಿದ್ದು ಸುಮಾರು 3 ಲಕ್ಷ ಡಾಲರ್, ಇಡೀ ಅಮೆರಿಕ ಸುತ್ತೋ ಚುನಾವಣೆಗೆ ಅದು ಉಪ್ಪಿನಕಾಯಿಗೂ ಸಾಲದು. ಬ್ಯಾಲೆಟ್ ಪೇಪರಲ್ಲಿ ಹೆಸರು ಬಂದಿದ್ದು ಹನ್ನೆರಡು ಚಿಲ್ಲರೆ ರಾಜ್ಯಗಳಲ್ಲಿ. ಎಲ್ಲಾ ಕಡೆ ಗೆಲ್ಲೋಕೆ ಹೊರಟವರು ಹೀಗೆ ಮಾಡಲ್ಲ. ಎಲ್ಲಿ ಹುಡುಗರು, ಹೆಂಗಸರು ಸಂಘ ಕಟ್ಕೊಂಡು ಕರೀತಾರೋ ಅಲ್ಲಿಗೆ ಹೋಗಿ ಕೈಗೆ ಸಿಕ್ಕಷ್ಟು ಡೆಲಿಗೇಟು ಕೂಡಿ ಹಾಕೋರು ಹೀಗೆ ಮಾಡ್ತಾರೆ. ನಾರ್ತ್ ಕ್ಯಾರೊಲಿನಾದಲ್ಲಿ ನೂರಕ್ಕೆ ಏಳೂವರೆ ಓಟು ಬಂತು, ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ಚಿಲ್ಲರೆ. ಒಟ್ಟು ಸುಮಾರು 4 ಲಕ್ಷದ 30 ಸಾವಿರ ಓಟು.

ಇದನ್ನೇ 1976ರ ಜಿಮ್ಮಿ ಕಾರ್ಟರ್ ಜೊತೆ ಇಟ್ಟು ನೋಡಿದ್ರೆ ವ್ಯತ್ಯಾಸ ಕಣ್ಣಿಗೆ ಹೊಡೆಯತ್ತೆ. ಕಾರ್ಟರ್ ಜಾರ್ಜಿಯಾ ರಾಜ್ಯದ ಗವರ್ನರ್ ಆಗಿದ್ದೋರು, ಹೊರಗಡೆ ಹೆಸರೇ ಗೊತ್ತಿಲ್ಲ, 'ಜಿಮ್ಮಿನಾ, ಯಾವ ಜಿಮ್ಮಿ' ಅಂತ ಪೇಪರಿನವರೇ ಕೇಳೋರು. ಅಧ್ಯಕ್ಷನಾಗೋಕೆ ನಿಲ್ತೀನಿ ಅಂತ ತಾಯಿಗೆ ಹೇಳಿದಾಗ ಆಯಮ್ಮ ಯಾವುದರ ಅಧ್ಯಕ್ಷ ಅಂತ ಕೇಳಿದ್ರಂತೆ. (ಆ ತಾಯಿ ಲಿಲಿಯನ್ ಅರವತ್ತರ ದಶಕದಲ್ಲಿ, ತಮ್ಮ ಅರವತ್ತೆಂಟನೇ ವಯಸ್ಸಲ್ಲಿ, ಮುಂಬೈ ಹತ್ರ ವಿಕ್ರೋಲಿಗೆ ಬಂದು ನರ್ಸ್ ಆಗಿ ಸೇವೆ ಮಾಡಿದ್ರು, ನನಗೆ ಅವರ ಮೇಲೆ ತುಂಬಾ ಗೌರವ.) ಆದ್ರೆ ಕಾರ್ಟರ್ ಕಡೆಯ ಹ್ಯಾಮಿಲ್ಟನ್ ಜಾರ್ಡನ್ ಅನ್ನೋ ಹುಡುಗ 1972ರ ನವೆಂಬರಲ್ಲೇ, ಅಂದ್ರೆ ನಾಲ್ಕು ವರ್ಷ ಮುಂಚೆ, ಯಾವ ರಾಜ್ಯಕ್ಕೆ ಯಾವಾಗ ಹೋಗ್ಬೇಕು, ಯಾವ ಪೇಪರಿನವರ ಪರಿಚಯ ಮಾಡ್ಕೋಬೇಕು ಅಂತ ಉದ್ದಕ್ಕೆ ಬರೆದು ಕೊಟ್ಟಿದ್ದ. ಅಯೋವಾದಲ್ಲಿ ಯಾರೂ ಗಮನ ಕೊಡದ ಕಾಲದಲ್ಲಿ ಇವರು ಹೋಗಿ ಮನೆಮನೆಯಲ್ಲಿ ಉಳ್ಕೊಂಡು ಕೆಲಸ ಮಾಡಿ 1976ರ ಜನವರಿಯಲ್ಲಿ ಅಲ್ಲಿ 28 ಪರ್ಸೆಂಟ್ ತಂದ್ರು, ಇನ್ನೂ ಯಾರ ಕಡೆನೂ ತೀರ್ಮಾನ ಮಾಡಿಲ್ಲ ಅಂದೋರು 37 ಪರ್ಸೆಂಟ್, ಆದ್ರೂ ಹೆಸರಿದ್ದ ಅಭ್ಯರ್ಥಿಗಳಲ್ಲಿ ಇವರೇ ಮೊದಲು. ಇದು ನಿಜವಾಗಿ ಟಿಕೆಟ್ ನಿರೀಕ್ಷೆ ಮಾಡಿದ ದುರ್ಬಲ ಅಭ್ಯರ್ಥಿ ಹೇಗಿರ್ತಾನೆ ಅನ್ನೋದಕ್ಕೆ ಉದಾಹರಣೆ. ಚಿಸಮ್ ಹತ್ರ ಅಂಥಾ ಪ್ಲಾನೂ ಇರಲಿಲ್ಲ, ನಾಲ್ಕು ವರ್ಷನೂ ಇರಲಿಲ್ಲ.

ಅವರಿಗೆ ನೋವು ಮಾಡಿದ್ದು ಎದುರಾಳಿಗಳಿಗಿಂತ ಸ್ವಂತದವರು. ಕಪ್ಪು ನಾಯಕರಲ್ಲಿ ತುಂಬ ಜನ ನಮ್ಮನ್ನ ಕೇಳದೇ ನಿಂತ್ಲು ಅಂತ ಮುನಿಸ್ಕೊಂಡ್ರು, ಗೆಲ್ಲೋ ಮ್ಯಾಕ್‌ಗವರ್ನ್ ಹಿಂದೆ ಹೋದ್ರು. ಮಹಿಳಾ ಚಳವಳಿಯ ದೊಡ್ಡ ಹೆಸರುಗಳು ಚಿಸಮ್ ಅಂದ್ರೆ ನಮಗೆ ಇಷ್ಟ, ಆದ್ರೆ ಗಂಡಸರಲ್ಲಿ ಮ್ಯಾಕ್‌ಗವರ್ನ್ ಒಳ್ಳೆಯವರು ಅಂತ ಎರಡು ದೋಣೀಲಿ ಕಾಲಿಟ್ರು. ಕಪ್ಪು ಬಣ್ಣಕ್ಕಿಂತ ಹೆಣ್ಣು ಅನ್ನೋ ಕಾರಣಕ್ಕೇ ನನಗೆ ಜಾಸ್ತಿ ತಾರತಮ್ಯ ಆಗಿದೆ ಅಂತ ಚಿಸಮ್ ಬದುಕಿಡೀ ಹೇಳಿದ್ರು, ಆ ಮಾತಿನ ಹಿಂದೆ 1972 ಇದೆ. ಟೀವಿಯವರು ಮ್ಯಾಕ್‌ಗವರ್ನ್, ಹಂಫ್ರಿ ಇಬ್ಬರನ್ನೇ ಕೂರಿಸಿ ಚರ್ಚೆ ಮಾಡಿಸಿದಾಗ ಇವರು ಕೋರ್ಟಿಗೆ ಹೋಗಿ ತಮ್ಮ ಪಾಲಿನ ಟೈಮ್ ತಗೊಂಡ್ರು. ಬರೀ ಹೆಸರಿಗೆ ನಿಂತೋರು ಲಾಯರ್ ಹಿಡ್ಕೊಂಡು ಈ ಪಾಡು ಪಡಲ್ಲ, ಇದನ್ನ ನಿಮ್ಮ ಮಗಳು ಬರೀಲೇಬೇಕು.

ವಾಲೇಸ್ ವಿಷಯ ಒಂದು ಹೇಳದೇ ಮುಂದೆ ಹೋಗೋಕೆ ಮನಸ್ಸಾಗಲ್ಲ. ಮೇ 15ಕ್ಕೆ ಮೇರಿಲ್ಯಾಂಡ್‌ನಲ್ಲಿ ಅವರ ಮೇಲೆ ಗುಂಡು ಹಾರ್ತು, ಸೊಂಟದಿಂದ ಕೆಳಗೆ ಸ್ವಾಧೀನ ಹೋಯ್ತು. ಕಪ್ಪು ಜನರ ವಿರುದ್ಧವೇ ರಾಜಕೀಯ ಮಾಡಿದ ಮನುಷ್ಯ. ಚಿಸಮ್ ಆಸ್ಪತ್ರೆಗೆ ನೋಡೋಕೆ ಹೋದ್ರು. ನಿಮ್ಮ ಜನ ಏನಂತಾರೆ ಅಂತ ವಾಲೇಸೇ ಕೇಳಿದ್ರಂತೆ. ಏನಂತಾರೆ ಅಂತ ನನಗೆ ಗೊತ್ತು, ಆದ್ರೆ ನಿಮಗೆ ಆಗಿದ್ದು ಯಾರಿಗೂ ಆಗಬಾರದು ಅಂದ್ರು ಇವರು. ಆ ಮನುಷ್ಯ ಅತ್ತುಬಿಟ್ರು. ಬ್ರೂಕ್ಲಿನ್‌ನಲ್ಲಿ ಇವರ ಸ್ವಂತ ಮತದಾರರೇ ಬೈದ್ರು. ಆದ್ರೆ ಎರಡು ವರ್ಷ ಆದ್ಮೇಲೆ ಮನೆಕೆಲಸದವರಿಗೂ ಕನಿಷ್ಠ ಕೂಲಿ ಕೊಡ್ಬೇಕು ಅನ್ನೋ ಕಾನೂನಿಗೆ ದಕ್ಷಿಣದ ಸಂಸದರ ಓಟು ಬೇಕಾದಾಗ ವಾಲೇಸ್ ಸಹಾಯ ಮಾಡಿದ್ರು.

ಈಗ ಜುಲೈ 10, ಫ್ಲಾರಿಡಾದ ಮಯಾಮಿ ಬೀಚ್, ಆ ವರ್ಷ ಎಲ್ಲಾ ಡೆಲಿಗೇಟುಗಳು ಸೇರಿದ ಊರು. ನಾನು ಮೊದಲೇ ಹೇಳಿದ ರಾತ್ರಿ. ಕ್ಯಾಲಿಫೋರ್ನಿಯಾದಲ್ಲಿ ಗೆದ್ದವರಿಗೆ ಎಲ್ಲಾ 271 ಡೆಲಿಗೇಟು ಅನ್ನೋ ನಿಯಮ ಇತ್ತು. ಮ್ಯಾಕ್‌ಗವರ್ನ್ ಅಲ್ಲಿ ಹಂಫ್ರಿಗಿಂತ ಐದು ಪರ್ಸೆಂಟ್ ಮುಂದೆ ಬಂದು ಪೂರ್ತಿ 271 ತಗೊಂಡಿದ್ರು. ಉಳಿದವರು ತಕರಾರು ತೆಗೆದು, ಬಂದ ಓಟಿನ ಪ್ರಕಾರ ಹಂಚಬೇಕು ಅಂದ್ರು, ಪಾರ್ಟಿಯ ಒಂದು ಸಮಿತಿ ಅದನ್ನ ಒಪ್ಕೊಂಡು 151 ಡೆಲಿಗೇಟು ಕಿತ್ಕೊಂಡ್ತು. ಈ 151 ಹೋದ್ರೆ ಮ್ಯಾಕ್‌ಗವರ್ನ್‌ಗೆ 1,509 ಮುಟ್ಟೋದು ಕಷ್ಟ. ಮೊದಲ ಸುತ್ತಲ್ಲಿ ಯಾರಿಗೂ ಆಗದೇ ಇದ್ರೆ ಎರಡನೇ ಸುತ್ತು, ಚೌಕಾಸಿ, ಚಿಸಮ್ ಕಾಯ್ತಾ ಇದ್ದ ಗಳಿಗೆ ಅದೇ. ಅವರ ನಾಲ್ಕು ಚಿಲ್ಲರೆ ಪರ್ಸೆಂಟಿಗೂ 271ರಲ್ಲಿ ಹನ್ನೆರಡರ ಹತ್ರ ಬರ್ತಿತ್ತು, ಹಳೇ ನಿಯಮದಲ್ಲಿ ಸೊನ್ನೆ.

ಅವತ್ತು ರಾತ್ರಿ ಇಡೀ ಸಭೆ ಈ ಬಗ್ಗೆ ಓಟು ಹಾಕ್ತು. ಕ್ಯಾಲಿಫೋರ್ನಿಯಾದ ಕಪ್ಪು ನಾಯಕ ವಿಲ್ಲಿ ಬ್ರೌನ್ ವೇದಿಕೆ ಮೇಲೆ ನಿಂತು ನಮ್ಮ ಡೆಲಿಗೇಶನ್ ನಮಗೆ ವಾಪಸ್ ಕೊಡಿ ಅಂತ ಗಂಟಲು ಹರಿಯೋ ಹಾಗೆ ಕೂಗಿದ್ರು, ಸಭೆ ಎದ್ದು ಅಬ್ಬರಿಸ್ತು, ಮ್ಯಾಕ್‌ಗವರ್ನ್‌ಗೆ ಅಷ್ಟೂ ಡೆಲಿಗೇಟು ವಾಪಸ್ ಸಿಕ್ತು. ಅಲ್ಲಿಗೆ ಯಾರಿಗೂ ಬಹುಮತ ಬರಲ್ಲ ಅನ್ನೋ ಲೆಕ್ಕ ಮುಗೀತು. ಮಾರನೇ ದಿನವೇ ಹಂಫ್ರಿ, ಮಸ್ಕಿ ಇಬ್ಬರೂ ಹಿಂದೆ ಸರಿದ್ರು. ಚಿಸಮ್ ಜನವರಿಯಿಂದ ಕಟ್ಟಿದ್ದು ಒಂದು ರಾತ್ರಿಯ ನಿಯಮದ ಓಟಿಗೆ ಕುಸೀತು, ಅದೂ ಅವರ ಪರ ನಿಲ್ಲಬಹುದಾಗಿದ್ದ ಎಷ್ಟೋ ಕಪ್ಪು ಡೆಲಿಗೇಟುಗಳ ಓಟಿಂದಲೇ. ಎಷ್ಟು ಸಲ ಓದಿದ್ರೂ ನನಗೆ ಈ ಜಾಗ ಬಂದಾಗ ಸಂಕಟ ಆಗತ್ತೆ. ವಿಲ್ಲಿ ಬ್ರೌನ್ ಮಾಡಿದ್ದು ಅವರ ಅಭ್ಯರ್ಥಿಗೆ ನ್ಯಾಯವೇ, ಓಟಿಗೆ ಮುಂಚೆ ಇದ್ದ ನಿಯಮ ಓಟು ಆದ್ಮೇಲೆ ಬದಲಾಯಿಸಬಾರದು ಅನ್ನೋದು ಸರಿಯಾದ ವಾದನೇ. ಆದ್ರೂ.

ಹಂಫ್ರಿ ಹಿಂದೆ ಸರಿಯುವಾಗ ತಮ್ಮ ಕಡೆಯ ಕಪ್ಪು ಡೆಲಿಗೇಟುಗಳಿಗೆ ಮೊದಲ ಸುತ್ತಲ್ಲಿ ಬೇಕಾದ್ರೆ ಚಿಸಮ್‌ಗೆ ಹಾಕಿ ಅಂತ ಬಿಟ್ಟುಕೊಟ್ರು. ಜುಲೈ 12ರ ಮೊದಲ ಸುತ್ತಲ್ಲಿ ಮ್ಯಾಕ್‌ಗವರ್ನ್‌ಗೆ 1,728.35, ಚಿಸಮ್‌ಗೆ 151.95, ನಾಲ್ಕನೇ ಸ್ಥಾನ. ಪ್ರೈಮರಿಗಳಲ್ಲಿ ಅವರು ಸ್ವಂತವಾಗಿ ಗಳಿಸಿದ್ದು ಬರೀ 28. ಹಾಗಾಗಿ 152ನ್ನ ಬರೀ ಜನಬೆಂಬಲ ಅಂತ ಬರೆದ್ರೆ ತಪ್ಪು, ಅದರಲ್ಲಿ ಗೌರವಕ್ಕೆ ಕೊಟ್ಟ ಓಟೂ ಇದೆ, ಮ್ಯಾಕ್‌ಗವರ್ನ್ ಮೇಲಿನ ಸಿಟ್ಟಿಗೆ ಬಂದಿದ್ದೂ ಇದೆ. ಇದೇ 152 ಎರಡು ದಿನ ಮುಂಚೆ ಕೈಲಿದ್ದು, ಕ್ಯಾಲಿಫೋರ್ನಿಯಾ ಓಟು ಉಲ್ಟಾ ಆಗಿದ್ದಿದ್ರೆ ಅವರ ಮಾತನ್ನ ಪಾರ್ಟಿ ಕೇಳಲೇಬೇಕಾಗ್ತಿತ್ತು. ನವೆಂಬರಿನ ಅಧ್ಯಕ್ಷರ ಎಲೆಕ್ಷನಲ್ಲಿ ಮ್ಯಾಕ್‌ಗವರ್ನ್ ಗೆದ್ದಿದ್ದು ಮ್ಯಾಸಚೂಸೆಟ್ಸ್ ಮತ್ತೆ ರಾಜಧಾನಿ ವಾಷಿಂಗ್ಟನ್ ಎರಡೇ.

ಜನರ ದುಡ್ಡು, ಹುಡುಗರ ಟೈಮ್ ಬಗ್ಗೆ ಕೇಳಿದ್ರಿ, ಒಳ್ಳೆ ಪ್ರಶ್ನೆ, ಅದನ್ನ ನಾನು ಹಗುರ ಮಾಡಲ್ಲ. ಗೆಲ್ತೀನಿ ಅಂತ ನಂಬಿಸಿ ತಗೊಂಡಿದ್ರೆ ತಪ್ಪೇ. ಆದ್ರೆ ಡೆಲಿಗೇಟು ಕೂಡಿಸಿ ಸಭೇಲಿ ಬೇಡಿಕೆ ಇಡ್ತೀನಿ ಅಂತ ಹೇಳ್ಕೊಂಡೇ ಓಡಾಡಿದ್ರು. ಬಂದ ಹುಡುಗರಿಗೂ ಗೊತ್ತಿತ್ತು.

ಅಂಥವರಲ್ಲಿ ಒಬ್ಬರ ಕಥೆ ಹೇಳ್ತೀನಿ. ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಲ್ಲಿ ಓದ್ತಿದ್ದ ಹುಡುಗಿ, ಎರಡು ಮಕ್ಕಳನ್ನ ಒಬ್ಬಳೇ ಸಾಕ್ತಾ ಇದ್ಲು. ರಾಜ್ಯಶಾಸ್ತ್ರದ ಒಂದು ಪೇಪರಿಗೆ ಯಾವುದಾದ್ರೂ ಅಭ್ಯರ್ಥಿ ಪರ ಕೆಲಸ ಮಾಡಲೇಬೇಕಿತ್ತು, ಇರೋ ಯಾರೂ ಇಷ್ಟ ಇಲ್ಲ, ಫೇಲಾದ್ರೂ ಪರವಾಗಿಲ್ಲ ಅಂತ ಕೂತಿದ್ಲು. ಕಪ್ಪು ವಿದ್ಯಾರ್ಥಿಗಳ ಸಂಘಕ್ಕೆ ಆಕೆನೇ ಅಧ್ಯಕ್ಷೆ, ಚಿಸಮ್ ಅವರನ್ನ ಭಾಷಣಕ್ಕೆ ಕರೆಸಿದ್ರು, ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದಾರೆ ಅನ್ನೋದೇ ಅವತ್ತು ಗೊತ್ತಾಗಿದ್ದು. ನಿಮ್ಮ ಪರ ಕೆಲಸ ಮಾಡ್ತೀನಿ ಅಂತ ಹೋದ್ರೆ, ಮೊದಲು ಹೋಗಿ ಮತದಾರರ ಪಟ್ಟೀಲಿ ಹೆಸರು ಸೇರಿಸು ಅಂದ್ರಂತೆ ಚಿಸಮ್. ಅಲ್ಲಿವರೆಗೂ ಆಕೆ ಹೆಸರೇ ಸೇರಿಸಿರಲಿಲ್ಲ. ಹೆಸರು ಸೇರಿಸಿದ್ಲು, ಪ್ರಚಾರಕ್ಕೆ ಇಳಿದ್ಲು, ಮಯಾಮಿ ಬೀಚಿಗೂ ಹೋದ್ಲು. ಬಾರ್ಬರಾ ಲೀ ಅಂತ ಹೆಸರು, 1998ರಲ್ಲಿ ಸಂಸತ್ತಿಗೆ ಆಯ್ಕೆಯಾದ್ರು. 2001ರ ಸೆಪ್ಟೆಂಬರಲ್ಲಿ ಯುದ್ಧಕ್ಕೆ ಅಧ್ಯಕ್ಷರಿಗೆ ಪೂರ್ತಿ ಅಧಿಕಾರ ಕೊಡೋ ಮಸೂದೆ ಬಂದಾಗ ಎರಡೂ ಸದನ ಸೇರಿ ಬೇಡ ಅಂತ ಓಟು ಹಾಕಿದ್ದು ಅವರೊಬ್ಬರೇ.

ನಿಮ್ಮ ಮಗಳಿಗೆ ಹೇಳಿ, 'ಸಾಂಕೇತಿಕ' ಅನ್ನೋ ಪದ ತೆಗೆದು ಆ ಜಾಗದಲ್ಲಿ 1,509, 271, 151 ಈ ಮೂರು ಅಂಕಿ ಬೋರ್ಡ್ ಮೇಲೆ ಬರೆದು ಅಲ್ಲಿಂದ ಮಾತು ಶುರು ಮಾಡಲಿ. 151.95ರಲ್ಲಿ ಆ ಪಾಯಿಂಟ್ 95 ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಕೆಲವು ರಾಜ್ಯಗಳಲ್ಲಿ ಒಬ್ಬ ಡೆಲಿಗೇಟಿಗೆ ಒಂದು ಪೂರ್ತಿ ಓಟು ಇರಲಿಲ್ಲ, ಭಾಗ ಮಾಡಿ ಕೊಟ್ಟಿದ್ರು, ಅದಕ್ಕೆ ಹಾಗೆ.